ಎಂಎಕ್ಸ್ ಪ್ಲೇಯರ್‌ನ ಕಸ್ಟಮ್ ಕೋಡೆಕ್: ಬಹುಕಾಲದ ಬಳಕೆಯ ನಂತರ

ಡಿವಿಡಿಯಿಂದ ಫೋನಿಗೆ ಹಾಕಿಕೊಂಡ ಯಕ್ಷಗಾನ. ವೇಷ ಕುಣಿಯುತ್ತದೆ, ಭಾಗವತರ ತುಟಿ ಆಡುತ್ತದೆ, ಚೆಂಡೆಯ ಸದ್ದೇ ಇಲ್ಲ. ವಿಡಿಯೊ ನೋಡುವ ಆ್ಯಪ್ ಆದ ಎಂಎಕ್ಸ್ ಪ್ಲೇಯರ್‌ನಲ್ಲಿ ಎಸಿ3 ಆಡಿಯೊಗೆ ಬೆಂಬಲವಿಲ್ಲ ಎಂಬ ಸಂದೇಶ ಬಂದರೆ ಫೈಲ್ ಕೆಟ್ಟಿದೆ ಎಂದುಕೊಂಡು ಅಳಿಸಿಬಿಡಬೇಡಿ. ಡಿವಿಡಿಗಳ ಧ್ವನಿ ಹೆಚ್ಚಾಗಿ ಡಾಲ್ಬಿ ಕಂಪನಿಯ ಎಸಿ3 ಎಂಬ ರೂಪದಲ್ಲೇ ಇರುತ್ತದೆ; ಬ್ಲೂ-ರೇ ಮೂಲದ ಫೈಲುಗಳಲ್ಲಿ ಡಿಟಿಎಸ್ ಎಂಬ ಇನ್ನೊಂದು ರೂಪ ಸಿಗುವುದುಂಟು. ಲೈಸೆನ್ಸ್ ತೊಡಕಿನಿಂದಾಗಿ ಎಂಎಕ್ಸ್ ಪ್ಲೇಯರ್ ಇವುಗಳ ಡಿಕೋಡರ್‌ಗಳನ್ನು (ಆ ರೂಪವನ್ನು ಬಿಡಿಸಿ ಧ್ವನಿಯಾಗಿಸುವ ತಂತ್ರಾಂಶಗಳನ್ನು) ಎಷ್ಟೋ ವರ್ಷಗಳ ಹಿಂದೆಯೇ ಕೈಬಿಟ್ಟಿತು. ಆದರೆ ಬೇಕಾದವರು ಹೊರಗಿನಿಂದ ತಂದು ಸೇರಿಸಿಕೊಳ್ಳಲು ದಾರಿ ಬಿಟ್ಟಿದೆ. ಅದೇ ಕಸ್ಟಮ್ ಕೋಡೆಕ್.

ಸೆಟ್ಟಿಂಗ್ಸ್‌ನ ಡಿಕೋಡರ್ ಪುಟದಲ್ಲಿ ಕೆಳಗೆ ಹೋದರೆ ಯಾವ ಕೋಡೆಕ್ ಬೇಕೆಂದು ಅಲ್ಲೇ ಬರೆದಿರುತ್ತದೆ: ಎಆರ್‌ಎಂವಿ8 ನಿಯಾನ್, ಎಆರ್‌ಎಂವಿ7 ನಿಯಾನ್, ಹೀಗೆ ಪ್ರೊಸೆಸರ್ ಬಗೆಯ ಹೆಸರು. ಅದನ್ನೇ ನಂಬಿ. ಫೋನ್ 64 ಬಿಟ್‌ನದಾದರೂ ಆ್ಯಪ್ 32 ಬಿಟ್‌ನದಾಗಿದ್ದರೆ ಫೋನಿನ ವಿವರ ನೋಡಿ ಇಳಿಸಿದ ಫೈಲ್ ಕೂರುವುದಿಲ್ಲ. ಜಿಪ್ ಬಿಚ್ಚಬೇಕಿಲ್ಲ; ಫೈಲ್ ತೋರಿಸಿದರೆ ಆ್ಯಪ್ ಮತ್ತೆ ಶುರುವಾಗುತ್ತದೆ, ಧ್ವನಿ ಬರುತ್ತದೆ.

ಈ ಕೋಡೆಕ್‌ನ ಒಳಗಿರುವುದು ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶ. ಗುಣಮಟ್ಟದ ಬಗ್ಗೆ ನನ್ನ ತಕರಾರಿಲ್ಲ. 5.1, ಅಂದರೆ ಆರು ಚಾನೆಲ್‌ನ ಧ್ವನಿಯನ್ನು ಇಯರ್‌ಫೋನಿನ ಎರಡು ಚಾನೆಲ್‌ಗೆ ಇಳಿಸಿದಾಗಲೂ ಮದ್ದಳೆ ಒಂದು ಕಡೆ, ಪದ್ಯ ಒಂದು ಕಡೆ ಸ್ಪಷ್ಟವಾಗಿ ಕೇಳುತ್ತದೆ. ಬ್ಯಾಟರಿಯ ಚಿಂತೆಯೂ ಬೇಡ: ಚಿತ್ರವನ್ನು ಎಚ್‌ಡಬ್ಲ್ಯು ಪ್ಲಸ್‌ನಲ್ಲೇ (ಫೋನಿನ ಹಾರ್ಡ್‌ವೇರ್ ಬಳಸುವ ಆಯ್ಕೆ) ಬಿಟ್ಟು ಧ್ವನಿಯನ್ನಷ್ಟೇ ಸಾಫ್ಟ್‌ವೇರಿಗೆ ಕೊಟ್ಟರೆ ಸಾಕು. ಎರಡನ್ನೂ ಎಸ್‌ಡಬ್ಲ್ಯುಗೆ, ಅಂದರೆ ಸಾಫ್ಟ್‌ವೇರಿಗೆ ಹಾಕಿ 'ಫೋನ್ ಬಿಸಿಯಾಗುತ್ತದೆ' ಎಂದು ದೂರುವವರನ್ನು ಬಹಳ ಕಂಡಿದ್ದೇನೆ.

ಬೇಸರದ ಸಂಗತಿ ಅಪ್‌ಡೇಟ್. ಆ್ಯಪ್‌ನ ಆವೃತ್ತಿ ಮುಂದೆ ಹೋದಾಗ ಹಳೆಯ ಕೋಡೆಕ್ ಹೊಂದದೆ ಹೊಸದನ್ನು ಹುಡುಕಬೇಕಾಗಬಹುದು. ಆಗ ಯಾರೋ ಟೆಲಿಗ್ರಾಂನಲ್ಲಿ ಹಾಕಿದ ಫೈಲ್ ಮುಟ್ಟಲೇಬೇಡಿ. ಇದು ಹಾಡಿನಂಥ ಫೈಲಲ್ಲ, ಆ್ಯಪ್‌ನೊಳಗೆ ಓಡುವ ಪ್ರೋಗ್ರಾಂ; ಆ್ಯಪ್‌ಗೆ ನೀವು ಕೊಟ್ಟ ಅನುಮತಿಗಳೆಲ್ಲ ಅದಕ್ಕೂ ಸಿಗುತ್ತವೆ.

ಇಷ್ಟೆಲ್ಲ ಬೇಡ ಎನ್ನುವವರಿಗೆ, ಅದರಲ್ಲೂ ಮನೆಯ ಹಿರಿಯರ ಫೋನಿಗೆ, ನಾನು ವಿಎಲ್‌ಸಿ ಎಂಬ ಇನ್ನೊಂದು ವಿಡಿಯೊ ಆ್ಯಪನ್ನೇ ಹಾಕಿಕೊಡುತ್ತೇನೆ. ಅದು ಫ್ರಾನ್ಸಿನ ವಿಡಿಯೊಲ್ಯಾನ್ ಎಂಬ ಲಾಭರಹಿತ ಸಂಸ್ಥೆಯದು. ಎಸಿ3, ಡಿಟಿಎಸ್ ಡಿಕೋಡರ್‌ಗಳು ಒಳಗೇ ಇರುತ್ತವೆ. ನಾನು ಮಾತ್ರ ಎಂಎಕ್ಸ್ ಬಿಟ್ಟಿಲ್ಲ. ಬೆರಳು ಸರಿಸಿ ಹಿಂದೆ ಮುಂದೆ ಹೋಗುವ ನಯ, ಹಳೆಯ ಡಿವಿಡಿಯಲ್ಲಿ ತುಟಿಗೂ ಮಾತಿಗೂ ತಾಳ ತಪ್ಪಿದಾಗ ಧ್ವನಿಯನ್ನು ಚೂರು ಚೂರೇ ಸರಿಸುವ ಸೌಲಭ್ಯ, ಇವೆರಡೂ ನನ್ನ ಕೈಗೆ ಒಗ್ಗಿರುವುದು ಅಲ್ಲೇ.