ಆಯಿ ಸೀರಿಲೆ ಹೊಲಿಸಿದ ಕೌದಿ, ನಮ್ಮ ಅನುಭವ

ನಮ್ಮ ಆಯಿ ಹೋಗಿ ಹತ್ತತ್ರ ವರ್ಷ ಆತು. ಅಕಿ ಟ್ರಂಕಿನ್ಯಾಗ ಒಂಬತ್ತು ಸೀರಿ ಇದ್ದೂವು, ಎಲ್ಲಾ ಇಳಕಲ್ ಸೀರಿನ, ಎಂಟು ಗಜದ್ದು, ಯಾರಿಗೂ ಕೊಡಾಕ ಮನಸ್ಸು ಬರವಲ್ದು, ಹಂಗ ಇಟ್ಟರ ಮಡಿಕಿ ಮಡಿಕಿಗೆ ಹರಿದು ಹೋಗತಾವು, ಕಡಿಕ ನಮ್ಮವ್ವನ ಅಂದ್ಲು, ಕೌದಿ (ಹಳೇ ಅರಿವಿ ಪದರ ಪದರ ಇಟ್ಟು ಕೈಲೆ ಹೊಲಿಯೋ ಹೊದಿಕಿ) ಹೊಲಿಸೂನು ಅಂತ. ನಮ್ಮ ಮನ್ಯಾಗ ಕೌದಿ ಹೊಲಿಯಾಕ ಬರತಿದ್ದಾಕಿ ಆಯಿ ಒಬ್ಬಾಕಿನ. ಮೊಮ್ಮಕ್ಕಳು ನಾವು ಹನ್ನೊಂದು ಮಂದಿ, ಹನ್ನೊಂದೂ ಮಂದಿಗೆ ತೊಟ್ಟಿಲಕ್ಕ ಹಾಕೋ ಸಣ್ಣ ಕೌದಿ ಅಕಿನ ಹೊಲದಾಳ. ಹೊಸ ಅರಿವಿ ಕೂಸಿಗೆ ಚುಚ್ಚತೈತಿ, ಹಳೇ ಸೀರಿ ನೂರು ಸಲ ಒಗದು ಒಗದು ಮೆತ್ತಗಾಗಿರತೈತಿ, ಅದ ಬೇಕು ಅಂತಿದ್ಲು. ಅಕಿ ಸೀರಿಲೆ ಕೌದಿ ಹೊಲಿಯಾಕ ಈಗ ಹೊರಗಿನವರನ್ನ ಹುಡಕಬೇಕಾತು.

ಮೊದಲ ಆನ್‌ಲೈನ್‌ನ್ಯಾಗ ಒಂದು ಅಂಗಡಿಗೆ ಫೋಟೊ ಕಳಿಸಿದ್ದೆ. ಅವರು ಅಂಚು ಸೆರಗು ಎಲ್ಲಾ ಕತ್ತರಿಸಿ ಚೌಕ ಚೌಕ ಮಾಡಿ, ಒಳಗ ಪಾಲಿಸ್ಟರ್ ತುಂಬಿ, ಮಷೀನ್ ಹೊಲಿಗಿ ಹಾಕತೀವಿ ಅಂದ್ರು, 9,500 ರೂಪಾಯಿ. ನೋಡಾಕ ಚಂದ ಇರತೈತಿ, ಸುಳ್ಳ ಯಾಕ ಹೇಳಲಿ, ಆದರ ಅದು ಕೌದಿ ಅಲ್ಲ. ಕೌದಿ ಒಳಗ ಅರಿವಿನ ಇರಬೇಕು, ಅರಿವಿ ಮ್ಯಾಲ ಅರಿವಿ.

ಆಮ್ಯಾಲ ಪರಿಚಯದವರು ಬಾಗಲಕೋಟಿ ನವನಗರದಾಗ ಮನ್ಯಾಗ ಕೂತು ಹೊಲಿಯೋ ಅತ್ತಿ ಸೊಸಿ ಇಬ್ಬರ ಬಗ್ಗೆ ಹೇಳಿದ್ರು. ಈಗ ಬರೋ ಕೆಲಸಾನ ಮುಗಿಸಾಕ ಆಗವಲ್ದು, ಹೆಸರು ಹಾಕಬ್ಯಾಡ ತಮ್ಮಾ ಅಂದಾರ, ಅದಕ್ಕ ಹಾಕಿಲ್ಲ. ಅವರದು ಬೋರ್ಡಿಲ್ಲ, ಅಂಗಡಿಯಿಲ್ಲ. ಹೋದ ಕೂಡಲೆ ರೇಟು ಮಾತಾಡಲಿಲ್ಲ, ಪಡಸಾಲ್ಯಾಗ ಚಾಪಿ ಹಾಸಿ ಒಂಬತ್ತೂ ಸೀರಿ ಬಿಚ್ಚಿ ಹರವಿ, ಇದು ಯಾವಾಗಿಂದು ಇದು ಯಾವಾಗಿಂದು ಅಂತ ಒಂದೊಂದ ಕೇಳಾಕ ಹತ್ತಿದ್ರು. ನಮ್ಮವ್ವ ಹೇಳಕೋತ ಹೋದ್ಲು, ಎರಡು ತಾಸು ಆತು, ಅವರು ಬ್ಯಾಸರಾ ಮಾಡಕೊಳ್ಳಲಿಲ್ಲ. ನಾ ಐದು ಸ್ಟಾರ್ ಕೊಡೋದು ಆ ಎರಡು ತಾಸಿಗೆ.

ದಾಳಿಂಬರಿ ಕೆಂಪಿನ ಸೀರಿ ಮೊದಲನೇ ಮಗಳು ಹುಟ್ಟಿದಾಗಿಂದು. ಆಯಿ ಗುಳೇದಗುಡ್ಡದಾಕಿ, ತವರುಮನ್ಯಾಗ ಖಣ, ಅಂದ್ರ ಕುಪ್ಪಸದ ಅರಿವಿ, ನೇಯೋ ಮಗ್ಗ ಇತ್ತು, ಸಣ್ಣಾಕಿ ಇದ್ದಾಗಿಂದ ಕಂಡಕಿಗೆ (ನೂಲಿನ ಸಣ್ಣ ಕೊಳವಿಗೆ) ನೂಲು ಸುತ್ತತಿದ್ಲು, ದೇಶಕ್ಕ ಸ್ವಾತಂತ್ರ್ಯ ಬಂದಾಗ ಅಕಿಗೆ 15, ಅಷ್ಟರಾಗ ಲಗ್ನಾನೂ ಆಗಿತ್ತು. ಹಳೇದಾಗಿದ್ದ ಹಸರ ಸೀರಿ 1972ರ ಬರದ ಮುಂಚಿಂದು. ಆ ವರ್ಷ ಕೆಂಪು ಜೋಳದ ರೊಟ್ಟಿ ತಿನಿಸಿ ಐದು ಮಕ್ಕಳನ್ನ ಉಳಿಸಿದ್ಲು, ತಾನು ಉಂಡಳೋ ಇಲ್ಲೋ ಯಾರೂ ನೋಡಿಲ್ಲ, ಕೇಳಿದ್ರ ನಾ ಒಲಿ ಮುಂದನ ತಿಂದೆ ಅಂತಿದ್ಲಂತ. ನಮ್ಮವ್ವ ಆವಾಗ ಏಳು ವರ್ಷದಾಕಿ, ಆಯಿ ಒಲಿ ಮುಂದ ಏನೂ ತಿಂದಿರಲಿಲ್ಲ ಅಂತ ತನಗ ತಾಯಿ ಆದಮ್ಯಾಲ ತಿಳೀತು ಅಂತ ಅಲ್ಲೇ ಚಾಪಿ ಮ್ಯಾಲ ಕೂತು ಹೇಳಿದ್ಲು, ನಾನೂ ಅವತ್ತ ಮೊದಲ ಕೇಳಿದ್ದು.

ಕರೀ ಸೀರಿ, ಚಂದ್ರಕಾಳಿ, ಅದು ಮುಳುಗಡಿ ಆದಾಗ ಉಟಕೊಂಡಿದ್ದು. ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟಿಗೆ ಬಂದಾಗ ನಮ್ಮ ಮನೀನೂ ಹೋತು, ಪರಿಹಾರ ತಗೊಂಡು ನವನಗರಕ್ಕ ಬಂದ್ವಿ. ಎಲ್ಲಾರೂ ಬಾಗಲ ಚೌಕಟ್ಟು, ತೊಲಿ, ಕಬ್ಬಿಣ ಕಿತಗೊಂಡು ಬಂದ್ರ ಆಯಿ ಬೀಸೋ ಕಲ್ಲು ಮತ್ತ ತುಳಸಿ ಕಟ್ಟಿ ಮಣ್ಣು ತಂದ್ಲು. ಆ ಮಣ್ಣು ಸೆರಗಿನ್ಯಾಗ ಕಟಗೊಂಡ ಬಂದಿದ್ಲು, ಟೋಪತೆನಿ ಸೆರಗಿನ (ಇಳಕಲ್ ಸೀರಿ ಕೆಂಪು ಬಿಳಿ ಸೆರಗಿನ) ಬಿಳೀ ಹಲ್ಲಿನ ಮ್ಯಾಲ ಕಂದು ಕಲಿ ಇನ್ನೂ ಐತಿ, ಒಗದ್ರೂ ಹೋಗಿಲ್ಲ. ಹೊಲಿಯೋ ಅವ್ವಾರು ಅದನ್ನ ಬಳ್ಳಲೆ ಮುಟ್ಟಿ ನೋಡಿ, ಇದನ್ನ ಒಳಗ ಹಾಕೂದಿಲ್ಲ, ಮ್ಯಾಲ ಕಾಣಂಗ ಇಡತೀನಿ ಅಂದ್ರು. ಅವರದೂ ಮನಿ ಮುಳುಗಡಿ ಆಗಿತ್ತು.

ಹಸರ ಸೀರಿ ಹರಿದಲ್ಲಿ ಆಯಿ ಕೈಲೆ ಹೊಲದಿದ್ದು ನಾಕೈದು ಕಡೆ ಇತ್ತು. ಸೊಸಿ ಅದನ್ನ ಬೆಳಕಿಗೆ ಹಿಡದು ನೋಡಿ, ನಿಮ್ಮ ಆಯಿ ಎಡಚಿ ಇದ್ರೇನ್ರಿ ಅಂತ ಕೇಳಿದ್ಲು. ಹೊಲಿಗಿ ವಾಲೂದು ನಮ್ಮದಕ್ಕ ಉಲ್ಟಾ ಐತಿ ನೋಡ್ರಿ ಅಂತ ಪಕ್ಕದಾಗ ತನ್ನ ಕೈಲೆ ಎರಡು ಟಾಕಿ (ಹೊಲಿಗಿ) ಹಾಕಿ ತೋರಿಸಿದ್ಲು. ಖರೇನ ಎಡಚಿ. ಊಟಕ್ಕ ಬಡದು ಬಡದು ಬಲಗೈ ಕಲಿಸಿದ್ರಂತ, ಸೂಜಿ ಮಾತ್ರ ಎಡಗೈಯಾಗ. 91 ವರ್ಷ ಬದುಕಿದಾಕಿ, ನನ್ನ ಆಯಿ, ಅಕಿ ಕೈ ಹೆಂಗ ಓಡತಿತ್ತು ಅಂತ ಮುಖಾನ ನೋಡದಾಕಿ ಒಬ್ಬಾಕಿ ಅರಿವಿ ನೋಡಿ ಹೇಳಿದ್ಲು. ನಮ್ಮವ್ವ ಅತ್ತಬಿಟ್ಲು. ಆ ಹೊಲಿಗಿ ಬಿಚ್ಚಬ್ಯಾಡ್ರಿ ಅಂತ ಹೇಳಬೇಕನ್ನೂದರಾಗ ಅವರ ಅಂದ್ರು, ಇದನ್ನ ಬಿಚ್ಚಂಗಿಲ್ಲ ನಾವು ಅಂತ.

ಕೆಲಸದ ವಿಷಯಕ್ಕ ಬಂದ್ರ, ಒಂಬತ್ತರಾಗ ಏಳು ಸೀರಿ ಹಿಡೀತು. ಅಂಚಿನಿಂದ ಸುರು ಮಾಡಿ ಸುತ್ತ ಸುತ್ತ ಹೊಲಕೋತ ನಡಕ್ಕ ಬರತಾರ, ಟಾಕಿ ಭಾಳ ಸಣ್ಣೂವು, ಸಾಲು ಒಂದು ಬಳ್ಳಿನಷ್ಟು ಅಂತರ. ಏಳು ಫೂಟು ಉದ್ದ, ಐದು ಫೂಟು ಅಗಲ, ತೂಕ ಮೂರು ಕೆಜಿ ಮ್ಯಾಲ ಐತಿ, ಹೊದಕೊಂಡ್ರ ಯಾರೋ ಮೈಮ್ಯಾಲ ಕೈ ಇಟ್ಟಂಗ ಆಗತೈತಿ. ಕೂಲಿ 3,000 ತಗೊಂಡ್ರು, ದಾರದ್ದು ಬ್ಯಾರೆ 150. ನನಗ ಕೇಳಿದ್ರ ಕಡಿಮಿನ, 40 ದಿನ ಬೆನ್ನು ಬಗ್ಗಿಸಿ ಮಾಡೋ ಕೆಲಸ ಅದು, ನಾವು ಮ್ಯಾಲ 500 ಕೊಟ್ಟ್ವಿ, ಭಾಳ ಹೊತ್ತು ಒಲ್ಲೆ ಅಂದ್ರು.

ಕಡಿಕ ನಡುವ ಅಂಗೈಯಷ್ಟು ಜಾಗ ಉಳದಾಗ ಫೋನ್ ಮಾಡಿದ್ರು. ಅದು ಕೌದಿ ಹೊಟ್ಟಿ, ಖಾಲಿ ಮುಚ್ಚಬಾರದು, ನಿಮ್ಮ ಆಯಿಗೆ ಏನ ಸೇರತಿತ್ತು ತಗೊಂಡ ಬರ್ರಿ ಅಂತ. ನಮ್ಮವ್ವ ಒಣರೊಟ್ಟಿ ಚೂರು ಒಯ್ದ್ಲು. ಬಿಳೀ ಜೋಳದ್ದು. ಅದನ್ನ ಒಳಗಿಟ್ಟು ಹೊಲದು ಮುಚ್ಚಿದ್ರು.

ಎರಡು ವಿಷಯ ಮೊದಲ ತಿಳಕೊಂಡು ಹೋಗ್ರಿ. ತಿಂಗಳೊಪ್ಪತ್ತಿನ್ಯಾಗ ಕೊಡತೀನಿ ಅಂದಾರಂದ್ರ ಎರಡು ತಿಂಗಳು ಹಿಡೀರಿ, ನಮಗ 20 ದಿನ ತಡ ಆತು, ತೀರಿಹೋದವರ ವರ್ಷಾಂತಕ್ಕ ಬೇಕಂದ್ರ ಮೊದಲ ಕೊಡ್ರಿ. ಇನ್ನೊಂದು, ಕೆಂಪು ಸೆರಗು ಬಣ್ಣ ಬಿಡತೈತಿ. ಮೊದಲನೇ ಸಲ ಒಗದಾಗ ನಮ್ಮದು ಒಂದು ಮೂಲ್ಯಾಗ ಹಸರಿನ ಮ್ಯಾಲ ಸ್ವಲ್ಪ ಇಳೀತು. ಅದು ಅವರ ತಪ್ಪಲ್ಲ, ಉಪ್ಪುನೀರಾಗ ಬ್ಯಾರೆ ನೆನಸ್ರಿ ಅಂತ ಹೇಳಿದ್ರು, ನಾ ಗಡಿಬಿಡಿ ಮಾಡಿದೆ. ನೆಳ್ಳಾಗ ಒಣಗಿಸ್ರಿ. ಮಷೀನಿಗೆ ಹಾಕಬ್ಯಾಡ್ರಿ, ಒದ್ದಿ ಆದ್ರ ಇಬ್ಬರು ಎತ್ತಬೇಕು.

ಉಳಿದ ಎರಡು ಸೀರಿ ಟ್ರಂಕಿನ್ಯಾಗ ಅದಾವು. ನನ್ನ ತಂಗಿ ಈಗ ಏಳು ತಿಂಗಳ ಬಸುರಿ, ಬರೋ ಸೋಮವಾರ ಅವನ್ನ ತಗೊಂಡು ಮತ್ತ ಅವರ ಮನಿಗೆ ಹೊಂಟೀವಿ, ತೊಟ್ಟಿಲ ಕೌದಿಗೆ.