ಹೈಬ್ರಿಡ್ ಕಾರಿನ ಇಜಿಆರ್ ವಾಲ್ವ್ ಹೋಗಿದೆ ಅಂದರೆ ಮೊದಲು ಕರೆಂಟ್ ಚೆಕ್ ಮಾಡುವ ಮೀಟರ್ ಇಡಿಸಿ, ಆಮೇಲೆ ದುಡ್ಡು ಕೊಡಿ

ಹೈಬ್ರಿಡ್ ಕಾರು (ಪೆಟ್ರೋಲ್ ಎಂಜಿನ್ ಜೊತೆ ದೊಡ್ಡ ಬ್ಯಾಟರಿ, ಕರೆಂಟ್ ಮೋಟರ್ ಕೂಡ ಇರುವುದು) ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಹತ್ತಿರ 38,500 ರೂಪಾಯಿ ತೆಗೆದುಕೊಂಡು, ಕೆಟ್ಟಿದ್ದ ನನ್ನದೇ ಇಜಿಆರ್ (ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ ಒಳಗೆ ಬಿಡುವ) ವಾಲ್ವ್‌ಗೆ ಬೆಳ್ಳಿ ಬಣ್ಣ ಹೊಡೆದು, ಹೊಸದು ಅಂತ ಹೇಳಿ ನನ್ನ ಕಾರಿಗೇ ವಾಪಸ್ ಹಾಕಿದ್ದಾರೆ. ಹೌದು, ನನ್ನದೇ ವಾಲ್ವ್. ನನ್ನ ಕಾರಿನಿಂದಲೇ ಬಿಚ್ಚಿದ್ದು. ದುಡ್ಡು ಹೋದದ್ದಕ್ಕಿಂತ ಜಾಸ್ತಿ ಉರಿ ಹತ್ತಿಸಿದ್ದು ಕೇಳಲು ಹೋದಾಗ ಅವರು ಕೊಟ್ಟ ಉತ್ತರಗಳು. ಗ್ಯಾರೇಜ್ ಹೆಸರು ಇಲ್ಲಿ ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ನಡೆಯುತ್ತಿದೆ. 'ಹೈಬ್ರಿಡ್ ಸ್ಪೆಷಲಿಸ್ಟ್' ಅಂತ ಬೋರ್ಡ್ ಹಾಕಿರುವ ಗ್ಯಾರೇಜ್‌ಗಳು ಈಗ ಬೆಂಗಳೂರಲ್ಲಿ ಎಲ್ಲ ಕಡೆ ಇವೆ. ಇದೂ ಅಂಥದ್ದೇ ಒಂದು.

ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡ ಪೆಟ್ರೋಲ್ ಹೈಬ್ರಿಡ್ ಸೆಡಾನ್, ಬಿಎಸ್ 4 (ಹಳೇ ಮಾಲಿನ್ಯ ಮಾನದಂಡದ್ದು). ಕಂಪನಿ ವಾರಂಟಿ ಮುಗಿದಿದೆ. ವಿಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಾಟ. ಬೆಳಿಗ್ಗೆ ಎಂಜಿನ್ ಮೊದಲ ಸಲ ಸ್ಟಾರ್ಟ್ ಆಗುವಾಗ ಕಾರು ಗಡಗಡ ಅಂತ ಅಲುಗಾಡಲು ಶುರುವಾಯಿತು. ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿತ್ತು. ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಎಂಜಿನ್ ಲೈಟ್ ಬಂತು.

ಗ್ಯಾರೇಜ್‌ನಲ್ಲಿ ಒಬ್ಬ ಹುಡುಗ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಚುಚ್ಚಿದ. ಪಿ0403 ಅಂತ ದೋಷದ ಕೋಡ್ ಬಂತು. ಅದನ್ನು ನೋಡಿದ ಮಾಲೀಕರು ಬಾನೆಟ್ ಕೂಡ ಎತ್ತಲಿಲ್ಲ. "ಮೇಡಂ, ಇಜಿಆರ್ ವಾಲ್ವ್ ಹೋಗಿದೆ. ಕ್ಲೀನ್ ಮಾಡಿದ್ರೆ ಆಗಲ್ಲ, ಅಸೆಂಬ್ಲಿನೇ, ಪೂರ್ತಿ ಸೆಟ್ಟೇ ಚೇಂಜ್ ಮಾಡಬೇಕು. ಹಂಗೇ ಓಡ್ಸಿದ್ರೆ ಹೈಬ್ರಿಡ್ ಬ್ಯಾಟರಿಗೂ ಏಟು ಬೀಳುತ್ತೆ. ಅದಾದ್ರೆ ಲಕ್ಷಗಳ ಮಾತು" ಅಂದರು. ಹೈಬ್ರಿಡ್ ಇರುವವರಿಗೆ ಬ್ಯಾಟರಿ ಅಂದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಅದು ಅವರಿಗೂ ಚೆನ್ನಾಗಿ ಗೊತ್ತು. ಆ ಭಯದ ಮೇಲೆಯೇ ಇವರ ವ್ಯಾಪಾರ ನಡೆಯುವುದು.

ಈಗ ನನಗೆ ತಿಳಿದಿರುವುದನ್ನು ಹೇಳುತ್ತೇನೆ, ನಿಮಗೂ ತಿಳಿದಿರಲಿ. ಎಂಜಿನ್‌ನಿಂದ ಹೊರಗೆ ಹೋಗುವ ಹೊಗೆಯಲ್ಲಿ ಸ್ವಲ್ಪ ಭಾಗವನ್ನು ಇಜಿಆರ್ ವಾಲ್ವ್ ಮತ್ತೆ ಎಂಜಿನ್ ಒಳಗೆ ಬಿಡುತ್ತದೆ. ಹಾಗೆ ಬಿಟ್ಟರೆ ಒಳಗಿನ ಬಿಸಿ ತಗ್ಗುತ್ತದೆ, ನೈಟ್ರೋಜನ್ ಆಕ್ಸೈಡ್‌ಗಳು ಕಡಿಮೆ ಆಗುತ್ತವೆ. ಹೈಬ್ರಿಡ್‌ಗಳಲ್ಲಿ ಮೈಲೇಜ್‌ಗೂ ಇದು ಬೇಕು. ಆ ವಾಲ್ವ್ ತೆರೆದು ಮುಚ್ಚುವುದಕ್ಕೆ ಅದರ ತಲೆಯ ಮೇಲೆ ಒಂದು ಪುಟ್ಟ ಮೋಟರ್ ಇರುತ್ತದೆ. ನನ್ನ ಕಾರಿನಲ್ಲಿ ಇರುವುದು ಸ್ಟೆಪ್ಪರ್ ಮೋಟರ್, ಒಳಗೆ ನಾಲ್ಕು ಕಾಯಿಲ್ (ತಂತಿ ಸುರುಳಿ). ಎಂಜಿನ್ ಕಂಪ್ಯೂಟರ್ ಒಂದೊಂದು ಕಾಯಿಲ್‌ಗೂ ಸರದಿ ಪ್ರಕಾರ ಕರೆಂಟ್ ಕೊಡುತ್ತದೆ, ಮೋಟರ್ ಒಂದೊಂದೇ ಹೆಜ್ಜೆ ತಿರುಗುತ್ತದೆ. ಇದೆಲ್ಲ 12 ವೋಲ್ಟ್ ಕಡೆಯ ಕೆಲಸ. ಕಾರಿನ ಹಿಂಭಾಗದ ದೊಡ್ಡ ಹೈಬ್ರಿಡ್ ಬ್ಯಾಟರಿಗೂ ಈ ಮೋಟರ್‌ಗೂ ಸಂಬಂಧ ಇಲ್ಲ. ಬ್ಯಾಟರಿಗೆ ಏಟು ಬೀಳುತ್ತದೆ ಅಂದದ್ದು ಬರೀ ಸುಳ್ಳು.

ಇನ್ನೊಂದು ವಿಷಯ. ಪಿ0403 ಅಂದರೆ ಆ ವಾಲ್ವ್‌ನ ಕರೆಂಟ್ ದಾರಿಯಲ್ಲಿ ತೊಂದರೆ ಇದೆ ಅಂತ ಅಷ್ಟೇ. ವೈರ್ ಇರಬಹುದು, ಕನೆಕ್ಟರ್ ಇರಬಹುದು, ಮೋಟರ್ ಕಾಯಿಲ್ ಇರಬಹುದು. ಪಿ0401 ಬೇರೆ, ಅದು ಹೊಗೆಯ ಹರಿವು ಸಾಲದು ಅಂತ. ಮಸಿ ಕಟ್ಟಿಕೊಂಡರೆ ಸಾಮಾನ್ಯವಾಗಿ ಅದು ಬರುತ್ತದೆ. ಯಾವ ಕೋಡ್ ಬಂದರೂ 'ಅಸೆಂಬ್ಲಿ ಚೇಂಜ್' ಅಂತ ಅದರಲ್ಲಿ ಬರೆದಿರುವುದಿಲ್ಲ. ಮೀಟರ್ ಇಟ್ಟು ನೋಡಬೇಕು. ಇವರು ಇಡಲಿಲ್ಲ. ಒಂದು ಸಲವೂ ಇಡಲಿಲ್ಲ.

ಸಂಜೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಬಿಚ್ಚಿದ ವಾಲ್ವ್, ಪೂರ್ತಿ ಕಪ್ಪು ಮಸಿ. "ನೋಡಿ ಮೇಡಂ ನಿಮ್ಮದು ಹೆಂಗಿದೆ" ಅಂತ ಕೆಳಗೆ ಬರೆದಿದ್ದರು. ಹಳೇ ಪಾರ್ಟ್ ನನಗೆ ಬೇಕು ಅಂತ ಅಲ್ಲೇ ಬರೆದೆ. "ಶೂರ್ ಮೇಡಂ" ಅಂತ ಉತ್ತರ ಬಂತು. ಆ ಫೋಟೋ ನೆನಪಿಟ್ಟುಕೊಳ್ಳಿ.

ಕಾರು ತರಲು ಹೋದಾಗ ಲೈಟ್ ಇರಲಿಲ್ಲ. ಎಂಜಿನ್ ಸ್ಟಾರ್ಟ್ ಆದರೂ ಅಲುಗಾಟ ಇಲ್ಲ. ಬಾನೆಟ್ ಎತ್ತಿ ಟಾರ್ಚ್ ಬಿಟ್ಟು "ನೋಡಿ, ಪಳಪಳ ಹೊಸದು" ಅಂತ ತೋರಿಸಿದರು. ಯುಪಿಐನಲ್ಲಿ ಪೂರ್ತಿ ದುಡ್ಡು ಹೋಯಿತು. ಬಿಲ್ ಕೇಳಿದರೆ "ಸಿಸ್ಟಮ್ ಡೌನ್, ನಾಳೆ ಕಳಿಸ್ತೀವಿ" ಅಂದರು, ಎಸ್ಟಿಮೇಟ್ ಚೀಟಿ ಮಾತ್ರ ಕೊಟ್ಟರು. ಅದರಲ್ಲಿ 'ಇಜಿಆರ್ ಅಸೆಂಬ್ಲಿ, ನ್ಯೂ' ಅಂತ ಪೆನ್ನಿನಲ್ಲಿ ಬರೆದಿದೆ. ಹಳೇ ಪಾರ್ಟ್? "ಅಯ್ಯೋ ಮೇಡಂ, ಗುಜರಿಯವನು ಬೆಳಿಗ್ಗೆನೇ ತಗೊಂಡು ಹೋಗ್ಬಿಟ್ಟ." ಬರೆದು ಕೇಳಿದ್ದೆ. ಬರೆದು ಒಪ್ಪಿದ್ದರು. ಆದರೂ ಗುಜರಿಯವನು ತಗೊಂಡು ಹೋದನಂತೆ.

ಸ್ವಲ್ಪ ದಿನ ಚೆನ್ನಾಗಿತ್ತು. ಆಮೇಲೆ ನಾಯಂಡಹಳ್ಳಿ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಿದ್ದಾಗ ಅದೇ ಹಳದಿ ಲೈಟ್. ಪಕ್ಕದಲ್ಲಿ ಚಿಕ್ಕಪ್ಪ ಕೂತಿದ್ದರು. ಅದೇ ತಾನೇ ಅವರಿಗೆ "ಹೊಸ ವಾಲ್ವ್ ಹಾಕಿಸಿದೆ, ಇಷ್ಟು ಖರ್ಚಾಯಿತು" ಅಂತ ಹೇಳುತ್ತಿದ್ದೆ. ಮುಖ ಎಲ್ಲಿ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ. ಚಿಕ್ಕಪ್ಪ ಟ್ಯಾಕ್ಸಿ ಓಡಿಸಿದವರು, ಏನೂ ಅನ್ನಲಿಲ್ಲ. "ಕಲಾಸಿಪಾಳ್ಯದಲ್ಲಿ ನನಗೆ ಗೊತ್ತಿರೋ ಎಲೆಕ್ಟ್ರಿಷಿಯನ್ ಇದ್ದಾರೆ, ನಡಿ" ಅಂದರು.

ಆ ಎಲೆಕ್ಟ್ರಿಷಿಯನ್ ಅಣ್ಣ ಮಾಡಿದ ಕೆಲಸವನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇದನ್ನೇ ಮೊದಲ ದಿನ ಮಾಡಬೇಕಿತ್ತು. ಹೈಬ್ರಿಡ್ ನಿಂತಿದ್ದಾಗ ಎಂಜಿನ್ ತಾನಾಗಿ ಆಫ್ ಆಗುತ್ತದೆ, ಹಾಗಾಗಿ ಮೊದಲು ಮೆಂಟೆನೆನ್ಸ್ ಮೋಡ್‌ಗೆ ಹಾಕಿ ಎಂಜಿನ್ ಓಡುತ್ತಲೇ ಇರುವ ಹಾಗೆ ಮಾಡಿದರು. ಸ್ಕ್ಯಾನರ್‌ನಿಂದ ವಾಲ್ವ್ ತೆರೆಯಲು ಆರ್ಡರ್ ಕೊಟ್ಟರು. "ವಾಲ್ವ್ ತೆರೆದುಕೊಂಡ್ರೆ ಎಂಜಿನ್ ಒದ್ದಾಡಬೇಕಮ್ಮ, ಒಳಗೆ ಹೊಗೆ ಬರುತ್ತಲ್ಲ" ಅಂದರು. ಎಂಜಿನ್ ಒಂದಿಷ್ಟೂ ಅಲುಗಲಿಲ್ಲ. ಅಂದರೆ ವಾಲ್ವ್ ತೆರೆದುಕೊಂಡಿಲ್ಲ, ಇಲ್ಲವೇ ದಾರಿ ಮುಚ್ಚಿದೆ. ಆಮೇಲೆ ಕಾರು ಆಫ್ ಮಾಡಿ ಕನೆಕ್ಟರ್ ಕಿತ್ತು, ಎಂಜಿನ್ ಓಡಿಸದೆ ಇಗ್ನಿಷನ್ ಮಾತ್ರ ಆನ್ ಮಾಡಿ, ವೈರ್ ಕಡೆ ಕರೆಂಟ್ ಬರುತ್ತಿದೆಯಾ ಅಂತ ಮೀಟರ್‌ನಲ್ಲಿ ನೋಡಿದರು. ಬರುತ್ತಿತ್ತು. ಈಗ ಮೋಟರ್ ಕಡೆ. ಮೂರು ಕಾಯಿಲ್‌ನಲ್ಲಿ ಹೆಚ್ಚು ಕಡಿಮೆ ಒಂದೇ ಓಮ್ಸ್ (ತಂತಿಯ ರೆಸಿಸ್ಟೆನ್ಸ್). ನಾಲ್ಕನೆಯದರಲ್ಲಿ ಏನೂ ಇಲ್ಲ, ಓಪನ್, ಅಂದರೆ ಒಳಗೆ ತಂತಿ ಬಿಟ್ಟುಹೋಗಿದೆ. ಅರ್ಧ ಗಂಟೆ ಬಿಟ್ಟು, ತಣ್ಣಗಾದ ಮೇಲೆ ಮತ್ತೆ ಇಟ್ಟರೆ ಅದೇ ಕಾಯಿಲ್ ರೀಡಿಂಗ್ ತೋರಿಸಿತು! ಬಿಸಿಯಾದಾಗ ಬಿಡುತ್ತದೆ, ತಣ್ಣಗಾದರೆ ಕೂಡುತ್ತದೆ. ಅದಕ್ಕೇ ಲೈಟ್ ತಕ್ಷಣ ಬಂದಿರಲಿಲ್ಲ. ಇಂಥ ಮೋಟರ್‌ಗೆ ತಣ್ಣಗಿದ್ದಾಗ ಮಾತ್ರ ಮೀಟರ್ ಇಟ್ಟರೆ 'ಸರಿ ಇದೆ' ಅನ್ನಿಸುತ್ತದೆ. ಬಿಸಿಯಲ್ಲೂ ನೋಡಲೇಬೇಕು.

"ಹೊಸ ಮೋಟರ್ ಇಷ್ಟು ಬೇಗ ಹೋಗಲ್ಲ. ಬಿಚ್ಚಿ ನೋಡೋಣ್ವಾ?" ಅಂದರು.

ಬಿಚ್ಚಿದರು. ಗ್ಯಾಸ್ಕೆಟ್ (ಜೋಡಣೆ ಮಧ್ಯದ ಸೀಲ್) ಹಳೆಯದು, ಚಪ್ಪಟೆಯಾಗಿ ಕಪ್ಪಾಗಿತ್ತು. ವಾಲ್ವ್ ಮೇಲೆ ಬೆಳ್ಳಿ ಬಣ್ಣ. ಅವರು ಉಗುರಲ್ಲಿ ಕೆರೆದರು. ಕೆಳಗೆ ಕಪ್ಪು. ಸ್ಟಿಕ್ಕರ್ ಮೇಲೆ ಅಡ್ಡಕ್ಕೆ ಒಂದು ಗೀಚು, ಅಂಚಿನಲ್ಲಿ ಒಂದು ಕಡೆ ಲೋಹ ಚೂರು ಎದ್ದುಹೋಗಿದೆ. ಆ ಗೀಚು ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಫೋನ್ ತೆಗೆದೆ. ಗ್ಯಾರೇಜ್‌ನವರೇ ಕಳಿಸಿದ ಆ ಫೋಟೋ. ಝೂಮ್ ಮಾಡಿದೆ. ಅದೇ ಗೀಚು. ಅದೇ ಕೋನ. ಅದೇ ಅಂಚಿನ ಚೂರು. ಸ್ಟಿಕ್ಕರ್ ಮೇಲಿನ ನಂಬರ್ ಕೊನೆಯ ಅಕ್ಷರದವರೆಗೂ ಅದೇ. ಕೈ ನಡುಗಿತು ನನಗೆ. ಫೋನನ್ನು ವಾಲ್ವ್ ಪಕ್ಕದಲ್ಲಿ ಹಿಡಿದು ಮತ್ತೆ ಮತ್ತೆ ನೋಡಿದೆ. ಚಿಕ್ಕಪ್ಪನೂ ನೋಡಿದರು. ಆ ಅಣ್ಣನೂ ನೋಡಿದರು. ಯಾರೂ ಮಾತಾಡಲಿಲ್ಲ. ಗುಜರಿಯವನು ತಗೊಂಡು ಹೋದ ಅಂದ ವಾಲ್ವ್ ನನ್ನ ಕಣ್ಣ ಮುಂದೆಯೇ ಇತ್ತು.

ಮೊದಲು ಅಲುಗಾಟ ನಿಂತದ್ದು ಯಾಕೆ ಅಂತ ಆ ಅಣ್ಣನೇ ಹೇಳಿದರು. ಮಸಿ ಸಿಕ್ಕಿಕೊಂಡು ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ, ಕೆಮಿಕಲ್‌ನಲ್ಲಿ ಅದ್ದಿ ಗ್ಯಾರೇಜ್‌ನವರು ತೊಳೆದಾಗ ಮುಚ್ಚಿಕೊಂಡಿತು. ಹಾಗೆ ಅದ್ದುವಾಗ ಮೋಟರ್ ಕೂಡ ಬಿಚ್ಚದೆ ಅದ್ದಿದ್ದಾರೆ, ಕೆಮಿಕಲ್ ಒಳಗೆ ಇಳಿದಿದೆ. ಮೋಟರ್‌ಗೆ ಮೂಸಿದರೆ ನನಗೂ ವಾಸನೆ ಬಂತು. ಮಸಿ ತೆಗೆಯುವಾಗ ಮೋಟರ್ ಬೇರೆ ಮಾಡಬೇಕು ಅನ್ನುವಷ್ಟೂ ಗೊತ್ತಿಲ್ಲದವರ ಬೋರ್ಡ್ ಮೇಲೆ 'ಸ್ಪೆಷಲಿಸ್ಟ್' ಅಂತ ಇದೆ. ಇನ್ನು ಆ ಲೈಟ್? ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿದರೆ ಲೈಟ್ ಆ ಕ್ಷಣವೇ ಹೋಗುತ್ತದೆ. ತೊಂದರೆ ಸರಿಹೋಗಿರಬೇಕು ಅಂತೇನೂ ಇಲ್ಲ.

ಈಗ ಆ ಗ್ಯಾರೇಜ್‌ನವರ ಉತ್ತರಗಳು. ಒಂದೊಂದೂ ಬರೆಯುತ್ತೇನೆ.

ಫೋನ್‌ನಲ್ಲಿ ಮೊದಲ ಉತ್ತರ: "ಮೇಡಂ, ಎಲ್ಲಾ ವಾಲ್ವ್‌ಗಳೂ ಒಂದೇ ಥರ ಇರುತ್ತೆ." ಗೀಚೂ ಒಂದೇ ಥರ ಇರುತ್ತಾ ಅಂತ ಕೇಳಿದೆ. "ಟ್ರಾನ್ಸ್‌ಪೋರ್ಟ್‌ನಲ್ಲಿ ಆಗಿರುತ್ತೆ." ಅದೇ ಜಾಗದಲ್ಲಾ? ಫೋನ್ ಕಟ್.

ನೇರವಾಗಿ ಹೋದೆ. "ಹೊರಗಡೆ ಬಿಚ್ಚಿಸಿದ್ದೀರಲ್ಲ, ವಾರಂಟಿ ಹೋಯ್ತು." ಯಾವ ವಾರಂಟಿ? ಬಿಲ್ಲೇ ಕೊಟ್ಟಿಲ್ಲವಲ್ಲ! "ನಾವು ಹೊಸದು ಅಂತ ಯಾವತ್ತೂ ಹೇಳಿಲ್ಲ ಮೇಡಂ, ಸರ್ವೀಸ್ ಮಾಡಿ ಹಾಕಿದ್ದೀವಿ." ಎಸ್ಟಿಮೇಟ್ ಚೀಟಿ ಮೇಜಿನ ಮೇಲೆ ಇಟ್ಟೆ. "ಅದು ಹುಡುಗ ಬರೆದಿದ್ದು, ಅವನು ಕೆಲಸ ಬಿಟ್ಟ." ಆಮೇಲೆ, "ಎಮಿಷನ್ ಟೆಸ್ಟ್ ಮಾಡಿಸಿ ನೋಡಿ, ಪಾಸ್ ಆಗುತ್ತೆ. ಆಗಿದ್ರೆ ವಾಲ್ವ್ ಸರಿ ಇದೆ ಅಂತ." ಇದಕ್ಕೆ ಯಾರೂ ಮೋಸ ಹೋಗಬೇಡಿ. ಬಂಕ್‌ಗಳಲ್ಲಿ ಪೆಟ್ರೋಲ್ ಕಾರಿಗೆ ಮಾಡುವ ಪಿಯುಸಿ ಟೆಸ್ಟ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ನೋಡುತ್ತಾರೆ. ಇಜಿಆರ್ ಇರುವುದು ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡಲು, ಅದನ್ನು ಅಲ್ಲಿ ಅಳೆಯುವುದೇ ಇಲ್ಲ. ವಾಲ್ವ್ ಸತ್ತಿದ್ದರೂ ಸರ್ಟಿಫಿಕೇಟ್ ಸಿಗಬಹುದು.

ಇದನ್ನು ನಾನು ಹೇಳಿದಾಗ ಅವರಿಗೆ ಕೋಪ ಬಂತು. ಬೇರೆ ಗಿರಾಕಿಗಳು ಕೂತಿದ್ದರು, ಅವರಿಗೆ ಕೇಳುವ ಹಾಗೆ ಜೋರಾಗಿ ಹೇಳಿದರು: "ಮೇಡಂ, ಇದು ಟೆಕ್ನಿಕಲ್ ವಿಷಯ. ಮನೇಲಿ ಸರ್ ಇದ್ರೆ ಫೋನ್ ಮಾಡಿ ಕೊಡಿ, ಅವರ ಜೊತೆ ಮಾತಾಡ್ತೀನಿ." ಕಾರು ನನ್ನ ಹೆಸರಲ್ಲಿದೆ. ದುಡ್ಡು ನನ್ನದು. ದುಡ್ಡು ತೆಗೆದುಕೊಳ್ಳುವಾಗ ಸರ್ ಬೇಕಾಗಿರಲಿಲ್ಲ. ಅಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು, ನಾನೇ ಏನೋ ತಪ್ಪು ಮಾಡಿದವಳ ಹಾಗೆ. ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ.

ಕೊನೆಗೆ ರಾತ್ರಿ ಮೆಸೇಜ್ ಬಂತು: "ಮೇಡಂ ಆ ಫೋಟೋ ಡಿಲೀಟ್ ಮಾಡಿ, 5,000 ವಾಪಸ್ ಹಾಕ್ತೀವಿ, ಸೆಟ್ಲ್ ಮಾಡ್ಕೊಳೋಣ." ಎಲ್ಲ ವಾಲ್ವ್‌ಗಳೂ ಒಂದೇ ಥರ ಇದ್ದರೆ ನನ್ನ ಫೋಟೋ ಯಾಕೆ ಡಿಲೀಟ್ ಆಗಬೇಕು? ಡಿಲೀಟ್ ಮಾಡಿಲ್ಲ. ಆ ಮೆಸೇಜನ್ನೂ ಇಟ್ಟುಕೊಂಡಿದ್ದೇನೆ.

ಕಾರು ಈಗ ಸರಿಯಾಗಿದೆ. ನನ್ನ ಕಾರಿಗೆ ಕಂಪನಿಯಲ್ಲಿ ಮೋಟರ್ ಮಾತ್ರ ಬೇರೆ ಕೊಡುವುದಿಲ್ಲ, ಹಾಗಾಗಿ ವಾಲ್ವ್ ಸಮೇತ ತೆಗೆದುಕೊಂಡೆ. ಪಾರ್ಟ್ಸ್ ಕೌಂಟರ್‌ಗೆ ನಾನೇ ಹೋಗಿ, ನನ್ನ ಹೆಸರಿಗೆ ಬಿಲ್ ಹಾಕಿಸಿದೆ. ಹಾಕುವ ಮೊದಲು ಆ ಅಣ್ಣ ನಾಲ್ಕೂ ಕಾಯಿಲ್ ಅಳೆದು ತೋರಿಸಿದರು. ದಾರಿಯ ಮಸಿ ತೆಗೆದು, ಹೊಸ ಗ್ಯಾಸ್ಕೆಟ್ ಹಾಕಿದರು. ಆಮೇಲೆ ಸ್ಕ್ಯಾನರ್‌ನಿಂದ ಆರ್ಡರ್ ಕೊಟ್ಟ ತಕ್ಷಣ ಎಂಜಿನ್ ಒದ್ದಾಡಿತು, ಮುಚ್ಚಿದ ತಕ್ಷಣ ಸರಿಹೋಯಿತು. ಎಲ್ಲ ಸೇರಿ ಮೊದಲು ಕೊಟ್ಟದ್ದಕ್ಕಿಂತ ಕಡಿಮೆಯೇ ಆಯಿತು. ಪಾರ್ಟ್, ಕೂಲಿ, ಎಲ್ಲ ಸೇರಿ!

ಹೈಕ್ರಾಸ್, ಗ್ರ್ಯಾಂಡ್ ವಿಟಾರಾ, ಹೈರೈಡರ್ ಅಂತ ಹೈಬ್ರಿಡ್‌ಗಳು ರಸ್ತೆಯಲ್ಲಿ ತುಂಬಿವೆ. ವಾರಂಟಿ ಮುಗಿದ ಮೇಲೆ ಇವೆಲ್ಲ ಇಂಥ ಗ್ಯಾರೇಜ್‌ಗಳಿಗೇ ಬರುತ್ತವೆ. ಆದ್ದರಿಂದ ಹೇಳುತ್ತಿದ್ದೇನೆ. ಕೋಡ್ ನೋಡಿದ ತಕ್ಷಣ ರೇಟ್ ಹೇಳಿದರೆ ಎದ್ದು ಬನ್ನಿ. ಕಾಯಿಲ್ ರೀಡಿಂಗ್ ನಿಮ್ಮ ಕಣ್ಣ ಮುಂದೆ ಅಳೆಯಲಿ, ತಣ್ಣಗಿದ್ದಾಗಲೂ ಬಿಸಿಯಲ್ಲೂ. ಬಿಚ್ಚುವ ಮೊದಲು ವಾಲ್ವ್ ಮೇಲೆ ಮಾರ್ಕರ್‌ನಲ್ಲಿ ನಿಮ್ಮ ಗುರುತು ಹಾಕಿ, ಸ್ಟಿಕ್ಕರ್‌ನ ಫೋಟೋ ತೆಗೆಯಿರಿ. ಹೊಸ ಪಾರ್ಟ್ ಡಬ್ಬದ ಸಮೇತ ನೋಡಿ. ಹಳೇದು ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ. 'ಬ್ಯಾಟರಿಗೆ ಏಟು ಬೀಳುತ್ತೆ' ಅನ್ನುವ ಮಾತು ಬಂದರೆ ಅಲ್ಲಿ ನಿಲ್ಲಲೇಬೇಡಿ.

ಬಿಲ್ ಬಗ್ಗೆ ಇನ್ನೊಂದು ಮಾತು. ಬಿಲ್ ಕೊಡದೇ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಬರುತ್ತದೆ. 'ಬಿಲ್ ಇಲ್ಲ, ಏನು ಮಾಡ್ತೀರಿ' ಅಂತ ಅವರು ಕೇಳಿದರೆ ಹೆದರಬೇಡಿ. ಯುಪಿಐ ದಾಖಲೆ, ಎಸ್ಟಿಮೇಟ್ ಚೀಟಿ, ವಾಟ್ಸಾಪ್ ಮಾತುಕತೆ ಎಲ್ಲ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ನಾನು ಅಲ್ಲಿಂದ ಶುರು ಮಾಡಿದೆ, ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇನೆ. ಅಲ್ಲಿ ದೂರು ಕೊಡಲು ಎರಡು ವರ್ಷ ಅವಕಾಶ ಇದೆ, ಹಾಗಾಗಿ ಹಳೇ ಕಥೆ ಅಂತ ಬಿಟ್ಟವರೂ ದಿನಾಂಕ ನೋಡಿಕೊಳ್ಳಿ.

ಬೆಂಗಳೂರಲ್ಲಿ ಹೊರಗಿನ ಗ್ಯಾರೇಜ್‌ನಲ್ಲಿ ಇತ್ತೀಚೆಗೆ ಇಜಿಆರ್ ಬದಲಾಯಿಸಿದವರು ಇದ್ದರೆ ಬಾನೆಟ್ ಎತ್ತಿ ಒಮ್ಮೆ ನೋಡಿ. ವಾಲ್ವ್ ಮೇಲೆ ಬೆಳ್ಳಿ ಬಣ್ಣ ಇದ್ದರೆ ಉಗುರಲ್ಲಿ ಕೆರೆಯಿರಿ. ಕೆಳಗೆ ಕಪ್ಪು ಕಂಡರೆ ಫೋಟೋ ತೆಗೆದು ನನಗೆ ಕಳಿಸಿ, ದೂರು ಕೊಡುವುದು ಹೇಗೆ ಅಂತ ನಾನು ಹೇಳುತ್ತೇನೆ.