ಮೃಗಾಲಯದಲ್ಲಿ ಫೋಟೋ: ಯಾವ ಮೋಡ್ ಇಡೋದು?

ಮೈಸೂರು ಮೃಗಾಲಯಕ್ಕೆ ಕ್ಯಾಮೆರಾ ಹಿಡಿದು ಹೊರಟಿದ್ದೀರಾ? ಅಪರ್ಚರ್ ಪ್ರಯಾರಿಟಿ (ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು ಅನ್ನೋದನ್ನು ನೀವು ಇಡೋದು), ಶಟರ್ ಪ್ರಯಾರಿಟಿ (ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನೋದನ್ನು ನೀವು ಇಡೋದು), ಆಟೋ ಐಎಸ್ಒ ಜೊತೆ ಮ್ಯಾನ್ಯುವಲ್ (ಅವೆರಡನ್ನೂ ನೀವೇ ಇಟ್ಟು, ಐಎಸ್ಒ ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಮಾತ್ರ ಕ್ಯಾಮೆರಾಗೆ ಬಿಡೋದು), ಈ ಮೂರರಲ್ಲಿ ಒಂದನ್ನು ಆರಿಸಬೇಕು.

ಮೊದಲು ತಂತಿ ಜಾಲರಿಯ ವಿಷಯ, ಅಲ್ಲೇ ಜಾಸ್ತಿ ಫೋಟೋ ಕೆಡೋದು. ಇದಕ್ಕೆ ಅಪರ್ಚರ್ ಪ್ರಯಾರಿಟಿ ಸುಲಭ. ಎಫ್/4 ಅಥವಾ ನಿಮ್ಮ ಲೆನ್ಸಿನ ಅತಿ ಚಿಕ್ಕ ಎಫ್ ಸಂಖ್ಯೆ ಇಡಿ (ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಪೂರ್ತಿ ಜೂಮ್ ಮಾಡಿ. ಬೇಲಿ ದಾಟದೆ ಜಾಲರಿಗೆ ಎಷ್ಟು ಹತ್ತಿರ ನಿಲ್ಲಬಹುದೋ ಅಷ್ಟು ಹತ್ತಿರ ನಿಲ್ಲಿ. ಪ್ರಾಣಿ ಜಾಲರಿಯಿಂದ ದೂರ ಇದ್ದಷ್ಟೂ ತಂತಿ ಮಸುಕಾಗಿ ಮಾಯವಾಗುತ್ತದೆ. ತಂತಿಗೆ ಬಿಸಿಲು ಹೊಡೆಯುತ್ತಿದ್ದರೆ ಮಾತ್ರ ಅದು ಬಿಳಿ ಮಂಜಿನ ಹಾಗೆ ಉಳಿಯುತ್ತದೆ, ಆಗ ನೆರಳು ಬಿದ್ದ ಜಾಗ ಹುಡುಕಿ.

ಕೊಂಬೆಯಿಂದ ಕೊಂಬೆಗೆ ಜಿಗಿಯುವ ಕೋತಿಗೆ, ಹಕ್ಕಿಗೆ ಶಟರ್ ಪ್ರಯಾರಿಟಿ ಒಳ್ಳೆಯದು. 1/1000 ಸೆಕೆಂಡ್ ಇಡಿ. ಆದರೆ ಮರದ ನೆರಳಲ್ಲಿ ಬೆಳಕು ಸಾಲದೆ ಫೋಟೋ ಕಪ್ಪಾಗಬಹುದು. ಆಟೋ ಐಎಸ್ಒ ಹಾಕಿಕೊಳ್ಳಿ.

ಬಿಸಿಲು ನೆರಳು ಪದೇ ಪದೇ ಬದಲಾಗುವ ಕಡೆ ನನಗೆ ಇಷ್ಟವಾಗುವುದು ಮೂರನೆಯದು. ಎಫ್/5.6, 1/500 ಇಟ್ಟುಬಿಡಿ, ಐಎಸ್ಒ ತಾನೇ ಏರಿ ಇಳಿಯಲಿ. ಸ್ವಲ್ಪ ಅಭ್ಯಾಸ ಬೇಕು ಅಷ್ಟೇ. ಹೊಸಬರು ಸುಮ್ನೆ ಇದಕ್ಕೆ ಅವಸರ ಮಾಡಬೇಡಿ, ಅಪರ್ಚರ್ ಪ್ರಯಾರಿಟಿಯಿಂದ ಶುರು ಮಾಡಿ.

ಮೂರಕ್ಕೂ ಅನ್ವಯಿಸುವ ಮಾತು: ಬಿಳಿ ಹುಲಿ ಫ್ರೇಮ್ ತುಂಬಿದರೆ ಎಕ್ಸ್‌ಪೋಶರ್ (ಫೋಟೋದ ಬೆಳಕು) ಸ್ವಲ್ಪ ಏರಿಸಿ, ಕಪ್ಪು ಕರಡಿಗೆ ಇಳಿಸಿ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ, ಪ್ರಾಣಿಗಳು ಬೆದರುತ್ತವೆ.